ಹಳೆಯ ಗ್ರೈಂಡರಿನ ಚಕ್ರವನ್ನು ಓಡಿಸಿ ಪರೀಕ್ಷಿಸಬೇಡಿ

ಮನೆಯ ಕಾರ್ಯಾಗಾರಕ್ಕೆಂದು ಹಳೆಯ ಬೆಂಚ್ ಗ್ರೈಂಡರ್ (ತಿರುಗುವ ಕಲ್ಲಿನ ಚಕ್ರಕ್ಕೆ ಲೋಹವನ್ನು ಹಿಡಿದು ಉಜ್ಜುವ, ಮೇಜಿನ ಮೇಲೆ ಕೂರುವ ಯಂತ್ರ) ಹುಡುಕುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಯಂತ್ರವನ್ನು ಓಡಿಸಿ ನೋಡಿಯೇ ಕೊಳ್ಳಬೇಕು ಎಂದು ಅನುಭವಸ್ಥರು ಹೇಳುತ್ತಾರೆ. ಡ್ರಿಲ್ಲಿಗೆ, ಲೇತಿಗೆ, ನೀರಿನ ಪಂಪಿಗೆ ಈ ಮಾತು ಸರಿ. ಕಲ್ಲು ಕೂರಿಸಿರುವ ಗ್ರೈಂಡರಿಗೆ ಮಾತ್ರ ಇದು ಪ್ರಾಣಕ್ಕೆ ಕುತ್ತು ತರುವ ಸಲಹೆ. ಚಕ್ರದಲ್ಲಿ ಬಿರುಕು ಇದೆಯೋ ಇಲ್ಲವೋ ಎಂಬುದನ್ನು ಸ್ವಿಚ್ ಒತ್ತುವ ಮೊದಲೇ ತಿಳಿದುಕೊಳ್ಳಬೇಕು. ಒತ್ತಿದ ಮೇಲೆ ತಿಳಿದುಕೊಂಡವರ ಗತಿ ಏನಾಗುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹಳೆಯ ಉಪಕರಣಗಳನ್ನು ಮಾರುವವರೊಬ್ಬರ ಬಳಿ 150 ಮಿಲಿಮೀಟರ್ ಚಕ್ರದ ಬೆಂಚ್ ಗ್ರೈಂಡರ್ ಇದೆ ಎಂದು ತಿಳಿದು ನೋಡಲು ಹೋಗಿದ್ದೆ. ಯಂತ್ರಕ್ಕೆ ಹೊಸದಾಗಿ ಬಣ್ಣ ಬಳಿದಿದ್ದರು. ಎರಡೂ ಕಡೆ ಗಾರ್ಡ್, ಎಂದರೆ ಚಕ್ರವನ್ನು ಸುತ್ತುವರಿಯುವ ಲೋಹದ ಕವಚ, ಇರಲಿಲ್ಲ. ಕೇಳಿದಾಗ, "ಚಕ್ರ ಚೆನ್ನಾಗಿ ಕಾಣಲಿ ಎಂದು ಬಿಚ್ಚಿಟ್ಟಿದ್ದೇನೆ, ಒಳಗಿದೆ, ಕೊಡುತ್ತೇನೆ" ಎಂದರು. ಮೊದಲು ಚಕ್ರ ಬಿಚ್ಚಿ ನೋಡೋಣ ಎಂದು ನಾನು ಹೇಳಿದೆ. "ಓಡುವುದನ್ನು ಒಮ್ಮೆ ನೋಡಿಬಿಡಿ ಸರ್, ಆಮೇಲೆ ಎಷ್ಟು ಬೇಕಾದರೂ ಬಿಚ್ಚೋಣ" ಎನ್ನುತ್ತಲೇ ಅವರು ಸ್ವಿಚ್ ಒತ್ತಿದರು. ನಾನು ಚಕ್ರದ ನೇರದಿಂದ ಪಕ್ಕಕ್ಕೆ ಸರಿದು ನಿಂತೆ. ಅವರ ಸಹಾಯಕ ಮಾತ್ರ ಯಂತ್ರದ ಎದುರಿಗೇ ಇದ್ದ. ಹಿಂದೆ ಬನ್ನಿ ಎಂದು ನಾನು ಕೂಗಿದ್ದು ಮೋಟಾರಿನ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ.

ವೇಗ ಏರುತ್ತಿದ್ದಂತೆ ಮೇಜು ನಡುಗತೊಡಗಿತು. ಅದರ ಮೇಲಿದ್ದ ಸ್ಪ್ಯಾನರ್ ತಾನಾಗಿಯೇ ಅಂಚಿನ ಕಡೆಗೆ ಸರಿಯುತ್ತಿತ್ತು. ಆರಿಸಿ ಎಂದು ಹೇಳುವಷ್ಟರಲ್ಲಿ ಬಲಗಡೆಯ ಚಕ್ರ ಒಡೆದು ಸಿಡಿಯಿತು. ಒಂದು ಚೂರು ಮೇಲಿನ ತಗಡಿನ ಮಾಡನ್ನು ತೂತು ಮಾಡಿಕೊಂಡು ಹೋಯಿತು. ಇನ್ನೊಂದು ಸಹಾಯಕನ ತೋಳಿಗೆ ಬಡಿದು ಮೂಳೆ ಮುರಿಯಿತು. ಆಸ್ಪತ್ರೆ, ಶಸ್ತ್ರಚಿಕಿತ್ಸೆ, ತಿಂಗಳುಗಟ್ಟಲೆ ವಿಶ್ರಾಂತಿ ಎಲ್ಲ ಆಯಿತು. ಈಗಲೂ ಅವನಿಗೆ ಆ ಕೈಯನ್ನು ಭುಜದಿಂದ ಮೇಲಕ್ಕೆ ಎತ್ತಲು ಕಷ್ಟ. ಚೂರು ಸ್ವಲ್ಪ ಮೇಲೆ ಬಡಿದಿದ್ದರೆ ಕತೆಯೇ ಬೇರೆಯಾಗುತ್ತಿತ್ತು.

ಆಮೇಲೆ ನೆಲದ ಮೇಲಿದ್ದ ಚೂರುಗಳನ್ನು ಆಯ್ದು ಜೋಡಿಸಿ ನೋಡಿದೆ. ನಾನು ಇಷ್ಟು ದೀರ್ಘವಾಗಿ ಬರೆಯಲು ಆ ಚೂರುಗಳೇ ಕಾರಣ. ಒಡೆದ ಮುಖದ ಬಹುಭಾಗ ತಿಳಿಯಾಗಿತ್ತು, ಆಗಷ್ಟೇ ಒಡೆದ ಕಲ್ಲಿನ ಬಣ್ಣ. ಆದರೆ ನಡುವಿನ ರಂಧ್ರದಿಂದ ಹೊರಟು ಸುಮಾರು ಒಂದು ಬೆರಳಗಲದವರೆಗೆ ಅದು ಎಣ್ಣೆ ಮತ್ತು ಧೂಳು ಕುಡಿದು ಕಪ್ಪಾಗಿತ್ತು. ಎಂದರೆ ಅಷ್ಟು ಭಾಗ ಎಷ್ಟೋ ದಿನಗಳ ಹಿಂದೆಯೇ ಬಿರಿದಿತ್ತು. ಆ ಬಿರುಕು ಫ್ಲಾಂಜಿನ (ಚಕ್ರವನ್ನು ಪಕ್ಕದಿಂದ ಒತ್ತಿ ಹಿಡಿಯುವ ಲೋಹದ ತಟ್ಟೆ) ಅಡಿಯಲ್ಲಿದ್ದ ಕಾರಣ ಹೊರಗಿನಿಂದ ನೋಡಿದವರಿಗೆ ಕಾಣುವ ಸಾಧ್ಯತೆಯೇ ಇರಲಿಲ್ಲ. ಚಕ್ರದ ರಂಧ್ರ ಅದನ್ನು ತಿರುಗಿಸುವ ದಂಡ, ಅಂದರೆ ಸ್ಪಿಂಡಲಿಗಿಂತ ದೊಡ್ಡದಾಗಿತ್ತು, ಆ ಸಂದಿಗೆ ತಗಡಿನ ಪಟ್ಟಿ ಸುತ್ತಿ ತುರುಕಿದ್ದರು. ಚಕ್ರದ ಎರಡೂ ಮಗ್ಗುಲಿಗೆ ಇರಬೇಕಾದ ದಪ್ಪ ಕಾಗದದ ಬಿಲ್ಲೆಗಳು ಇರಲಿಲ್ಲ. ಒಂದು ಕಡೆ ಸರಿಯಾದ ಫ್ಲಾಂಜ್, ಇನ್ನೊಂದು ಕಡೆ ಯಾವುದೋ ಬೋಲ್ಟಿನ ಚಪ್ಪಟೆ ವಾಷರ್. ಅಂಚಿನ ತುಂಬ ಅಲ್ಯೂಮಿನಿಯಂ ಮೆತ್ತಿಕೊಂಡು ಹೊಳೆಯುತ್ತಿತ್ತು. ಇವುಗಳಲ್ಲಿ ಒಂದೊಂದೂ ಚಕ್ರವನ್ನು ಒಡೆಯಬಲ್ಲ ಕಾರಣ.

ಈ ಚಕ್ರಗಳು ಹೇಗೆ ಆಗುತ್ತವೆ ಎಂದು ತಿಳಿದರೆ ಅಪಾಯ ಎಲ್ಲಿದೆ ಎಂಬುದೂ ತಿಳಿಯುತ್ತದೆ. ಬೆಂಚ್ ಗ್ರೈಂಡರಿನ ಸಾಮಾನ್ಯ ಚಕ್ರದಲ್ಲಿ ಅಲ್ಯೂಮಿನಿಯಂ ಆಕ್ಸೈಡಿನ ಹರಳುಗಳನ್ನು ಜೇಡಿಮಣ್ಣಿನಂಥ ಬಂಧಕದೊಂದಿಗೆ ಬೆರೆಸಿ, ಅಚ್ಚು ಹಾಕಿ, ಗೂಡಿನಲ್ಲಿ ಸುಟ್ಟಿರುತ್ತಾರೆ. ಸುಟ್ಟ ಬಂಧಕ ಗಾಜಿನಂತಾಗುತ್ತದೆ. ಇಂಥ ವಸ್ತು ಅದುಮಿದರೆ ತಡೆಯುತ್ತದೆ, ಎಳೆದರೆ ತಡೆಯುವುದಿಲ್ಲ. ತಿರುಗುವ ಚಕ್ರದಲ್ಲಿ ಕಣಕಣವೂ ಹೊರಕ್ಕೆ ಎಳೆಯುತ್ತಿರುತ್ತದೆ. ಆ ಎಳೆತ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ವೇಗ ಇಮ್ಮಡಿಯಾದರೆ ಎಳೆತ ನಾಲ್ಕು ಪಟ್ಟು. 150 ಮಿಲಿಮೀಟರ್ ಚಕ್ರ ನಿಮಿಷಕ್ಕೆ 2,900 ಸುತ್ತು ತಿರುಗಿದಾಗ ಅದರ ಅಂಚಿನ ವೇಗ ಸೆಕೆಂಡಿಗೆ ಸುಮಾರು 23 ಮೀಟರ್, ಗಂಟೆಗೆ 80 ಕಿಲೋಮೀಟರಿಗಿಂತ ತುಸು ಹೆಚ್ಚು. ಸಿಡಿದ ಕಲ್ಲು ಆ ವೇಗದಲ್ಲಿ ಹಾರುತ್ತದೆ. ಗಾರ್ಡ್ ಇರುವುದು ಕಿಡಿ ತಡೆಯಲಿಕ್ಕೆ ಎಂದು ಬಹಳ ಜನ ಭಾವಿಸಿದ್ದಾರೆ. ಅದರ ಮುಖ್ಯ ಕೆಲಸ ಒಡೆದ ಚಕ್ರದ ಚೂರುಗಳನ್ನು ಹಿಡಿದಿಡುವುದು. ಗಾರ್ಡ್ ಇಲ್ಲದ ಗ್ರೈಂಡರನ್ನು ಪುಕ್ಕಟೆ ಕೊಟ್ಟರೂ ಒಯ್ಯಬೇಡಿ.

ಹಾಗಾದರೆ ಹಳೆಯ ಯಂತ್ರವನ್ನು ನೋಡುವುದು ಹೇಗೆ? ಪ್ಲಗ್ ಕಿತ್ತು, ಎರಡೂ ಚಕ್ರಗಳನ್ನೂ ಅವುಗಳ ಫ್ಲಾಂಜ್, ನಟ್‌ಗಳನ್ನೂ ಪೂರ್ತಿ ತೆಗೆಯಿಸಿ. ಎಡಗಡೆಯ ನಟ್‌ಗೆ ಎಡಮರೆ (ಎಡಕ್ಕೆ ಸುತ್ತಿದ ತಿರುಪಿನ ಗೆರೆ) ಇರುತ್ತದೆ, ಸಾಮಾನ್ಯ ನಟ್ ಬಿಗಿಯುವ ದಿಕ್ಕಿಗೆ ತಿರುಗಿಸಿದರೆ ಅದು ಸಡಿಲವಾಗುತ್ತದೆ. ಇದು ಗೊತ್ತಿಲ್ಲದೆ ಉದ್ದನೆಯ ಪೈಪ್ ಹಾಕಿ ತಿರುಗಿಸಿ ಮರೆ ಹಾಳುಮಾಡಿಕೊಂಡವರಿದ್ದಾರೆ. ಸ್ಪಿಂಡಲ್ ಬೋಳಾದ ಮೇಲೆ ಮೋಟಾರ್ ಓಡಿಸಿ. ಬೇರಿಂಗ್ ಗೊರಗುಡುತ್ತದೆಯೇ, ದೇಹ ನಡುಗುತ್ತದೆಯೇ, ಆರಿಸಿದ ಮೇಲೆ ನಿಧಾನವಾಗಿ ನಿಲ್ಲುತ್ತದೆಯೋ ತಕ್ಷಣ ಬಿಗಿದಂತೆ ನಿಲ್ಲುತ್ತದೆಯೋ ಎಲ್ಲ ತಿಳಿಯುತ್ತದೆ. ಸ್ಪಿಂಡಲ್ ಬಾಗಿದ್ದರೆ ತುದಿ ಅಲುಗಾಡುವುದು ಬರಿಗಣ್ಣಿಗೇ ಕಾಣುತ್ತದೆ. ಮಾರುವವರು ಚಕ್ರ ಬಿಚ್ಚಲು ಒಪ್ಪದಿದ್ದರೆ ಅಲ್ಲಿಂದ ಹೊರಟುಬಿಡಿ. ಒಪ್ಪಿದರೂ ಅದರ ಮೇಲಿದ್ದ ಹಳೆಯ ಚಕ್ರಗಳನ್ನು ಬಳಸಲು ಹೋಗಬೇಡಿ. ಅವು ಎಲ್ಲಿ ಬಿದ್ದಿದ್ದವು, ಅವುಗಳ ಮೇಲೆ ಏನೇನು ಉಜ್ಜಿದ್ದರು ಎಂಬುದು ನಿಮಗೆ ಗೊತ್ತಾಗುವುದಿಲ್ಲ. ಈ ವಿಷಯದಲ್ಲಿ ನನ್ನದು ರಾಜಿಯಿಲ್ಲದ ಅಭಿಪ್ರಾಯ.

ಹೊಸ ಚಕ್ರ ತಂದರೂ ಪರೀಕ್ಷೆ ತಪ್ಪುವುದಿಲ್ಲ, ಸಾಗಿಸುವಾಗ ಎತ್ತಿ ಹಾಕಿದ ಪೆಟ್ಟಿಗೆಯೊಳಗೂ ಬಿರಿದಿರಬಹುದು. ಪರೀಕ್ಷೆ ಬಹಳ ಸುಲಭ, ಮಡಕೆಯನ್ನು ತಟ್ಟಿ ನೋಡುವ ಹಾಗೆಯೇ. ಒಣಗಿದ, ಧೂಳು ಒರೆಸಿದ ಚಕ್ರದ ರಂಧ್ರಕ್ಕೆ ಬೆರಳು ತೂರಿಸಿ ತೂಗುಬಿಡಿ. ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ. ತಟ್ಟಬೇಕಾದ ಜಾಗ ನೆತ್ತಿಯಿಂದ 45 ಡಿಗ್ರಿ ಎಡಕ್ಕೆ ಮತ್ತು ಬಲಕ್ಕೆ, ಅಂಚಿನಿಂದ 25ರಿಂದ 50 ಮಿಲಿಮೀಟರ್ ಒಳಗೆ. ನಂತರ ಚಕ್ರವನ್ನು 45 ಡಿಗ್ರಿ ತಿರುಗಿಸಿ ಮತ್ತೆ ತಟ್ಟಿ. ಬಿರುಕಿಲ್ಲದ ಚಕ್ರ ಸ್ಪಷ್ಟವಾಗಿ ಠಣ್ ಎನ್ನುತ್ತದೆ. ಬಿರುಕಿದ್ದರೆ ಡಬ್ ಎಂದು ಸತ್ತ ಸದ್ದು ಬರುತ್ತದೆ, ಅಂಥದ್ದನ್ನು ವಾಪಸ್ ಮಾಡಿ. ಲೋಹದ ಸುತ್ತಿಗೆಯಿಂದ ಮಾತ್ರ ತಟ್ಟಬೇಡಿ. ರಾಳದ ಬಂಧಕ ಇರುವ ಚಕ್ರಗಳು ಇಷ್ಟು ಸ್ಪಷ್ಟವಾಗಿ ನುಡಿಯುವುದಿಲ್ಲ ಎಂಬುದೂ ನೆನಪಿರಲಿ.

ಕೂರಿಸುವಾಗ ಚಕ್ರ ಸ್ಪಿಂಡಲಿನ ಮೇಲೆ ತಾನಾಗಿ ಜಾರಿ ಕೂರಬೇಕು. ಬಡಿದು ಕೂರಿಸಬಾರದು, ಸಡಿಲವಾಗಿ ಲೊಡಗುಟ್ಟಲೂಬಾರದು. ರಂಧ್ರ ದೊಡ್ಡದಾದರೆ ಚಕ್ರದ ಜೊತೆಗೇ ಬರುವ ಬುಷ್ (ರಂಧ್ರವನ್ನು ಕಿರಿದಾಗಿಸುವ ಬಳೆ) ಹಾಕಿ. ತಗಡು, ಟೇಪು, ಕಾಗದ ಯಾವುದೂ ಬೇಡ. ಎರಡೂ ಕಡೆಯ ಫ್ಲಾಂಜ್ ಒಂದೇ ವ್ಯಾಸದ್ದಾಗಿರಬೇಕು, ಚಕ್ರದ ವ್ಯಾಸದ ಮೂರನೇ ಒಂದಕ್ಕಿಂತ ಕಡಿಮೆ ಇರಬಾರದು; 150 ಮಿಲಿಮೀಟರ್ ಚಕ್ರಕ್ಕೆ 50. ಸರಿಯಾದ ಫ್ಲಾಂಜಿನ ಒಳಮುಖದ ನಡುಭಾಗ ತಗ್ಗಾಗಿದ್ದು, ಅಂಚಿನ ಬಳೆಯಷ್ಟೇ ಕಲ್ಲನ್ನು ಒತ್ತುತ್ತದೆ. ಚಪ್ಪಟೆ ವಾಷರ್ ಹಾಗಲ್ಲ, ರಂಧ್ರದ ಬಾಯಲ್ಲೇ ಅದುಮುತ್ತದೆ. ನಾನು ನೋಡಿದ ಚಕ್ರದ ಕಪ್ಪು ಬಿರುಕು ಹೊರಟಿದ್ದು ಅದೇ ಜಾಗದಿಂದ. ಕಾಗದದ ಬಿಲ್ಲೆಗಳು ಒತ್ತಡವನ್ನು ಸಮನಾಗಿ ಹಂಚಲೆಂದು ಇರುವಂಥವು. ಅವನ್ನು ಕಿತ್ತು ಎಸೆಯಬೇಡಿ. ನಟ್ಟನ್ನು ಚಕ್ರ ಜಾರದಷ್ಟು ಬಿಗಿದರೆ ಸಾಕು.

ಚಕ್ರದ ಕಾಗದದ ಬಿಲ್ಲೆಯ ಮೇಲೆ ಗರಿಷ್ಠ ವೇಗ ಬರೆದಿರುತ್ತದೆ. ನಿಮ್ಮ ಮೋಟಾರಿನ ವೇಗ ಅದಕ್ಕಿಂತ ಕಡಿಮೆ ಇರಬೇಕು. ಎರಡು ಧ್ರುವಗಳ ಮೋಟಾರ್ 50 ಹರ್ಟ್ಸ್ ವಿದ್ಯುತ್ತಿನಲ್ಲಿ ನಿಮಿಷಕ್ಕೆ 3,000ಕ್ಕಿಂತ ತುಸು ಕಡಿಮೆ, 60 ಹರ್ಟ್ಸ್‌ನಲ್ಲಿ 3,600ಕ್ಕಿಂತ ತುಸು ಕಡಿಮೆ ಸುತ್ತು ತಿರುಗುತ್ತದೆ. ಜೊತೆಗೆ ಎ 60 ಕೆ 5 ವಿ ಎಂಬಂಥ ಗುರುತೂ ಇರುತ್ತದೆ: ಎ ಎಂದರೆ ಅಲ್ಯೂಮಿನಿಯಂ ಆಕ್ಸೈಡ್, 60 ಹರಳಿನ ಗಾತ್ರ, ಕೆ ಬಂಧದ ಗಡಸುತನ, 5 ಹರಳುಗಳ ನಡುವಿನ ಅಂತರ, ವಿ ಎಂದರೆ ಸುಟ್ಟ ಗಾಜಿನಂಥ ಬಂಧಕ. ಕೊನೆಯ ಅಕ್ಷರ ಬಿ ಆಗಿದ್ದರೆ ರಾಳದ ಬಂಧಕ.

ಗಾರ್ಡ್ ಹಾಕಿ, ಟೂಲ್ ರೆಸ್ಟನ್ನು (ಉಜ್ಜುವ ತುಂಡನ್ನು ಆನಿಸುವ ಪಟ್ಟಿ) ಚಕ್ರದಿಂದ 3 ಮಿಲಿಮೀಟರಿಗಿಂತ ದೂರ ಇಲ್ಲದಂತೆ, ಗಾರ್ಡಿನ ಬಾಯಿಯ ಮೇಲಂಚಿನಲ್ಲಿರುವ, ಸರಿಸಬಹುದಾದ ನಾಲಿಗೆಯಂಥ ಪಟ್ಟಿಯನ್ನು 6 ಮಿಲಿಮೀಟರಿಗಿಂತ ದೂರ ಇಲ್ಲದಂತೆ ಹೊಂದಿಸಿ. ಚಕ್ರ ಸವೆದಂತೆ ಇವನ್ನು ಮತ್ತೆ ಮತ್ತೆ ಹತ್ತಿರ ತರಬೇಕು. ಸಂದಿ ದೊಡ್ಡದಾದರೆ ಉಜ್ಜುತ್ತಿರುವ ತುಂಡು ಒಳಕ್ಕೆ ಸಿಕ್ಕಿಕೊಂಡು ಚಕ್ರವನ್ನೇ ಒಡೆಯುತ್ತದೆ. ನಂತರ ಪಕ್ಕಕ್ಕೆ ನಿಂತು ಸ್ವಿಚ್ ಒತ್ತಿ, ಒಂದು ನಿಮಿಷ ಪೂರ್ತಿ ವೇಗದಲ್ಲಿ ಓಡಲು ಬಿಡಿ. ತಟ್ಟಿ ನೋಡಿದ, ಸರಿಯಾಗಿ ಕೂರಿಸಿದ, ಗಾರ್ಡ್ ಇರುವ ಚಕ್ರವನ್ನು ಹೀಗೆ ಓಡಿಸಿದರೆ ಅದಕ್ಕೆ ಅರ್ಥವಿದೆ. ಪ್ರತಿದಿನ ಮೊದಲ ಬಾರಿ ಹಚ್ಚುವಾಗಲೂ ಪಕ್ಕಕ್ಕೇ ನಿಲ್ಲಿ.

ಚಕ್ರ ನಡುಗಿದರೆ "ಸ್ವಲ್ಪ ಓಡಿದರೆ ಸರಿಹೋಗುತ್ತದೆ" ಎಂದು ಬಿಡಬೇಡಿ. ಬಿಚ್ಚಿ, ಬರೀ ಮೋಟಾರ್ ಓಡಿಸಿ. ಆಗಲೂ ನಡುಗಿದರೆ ದೋಷ ಬೇರಿಂಗ್ ಅಥವಾ ಸ್ಪಿಂಡಲಿನಲ್ಲಿ. ನಡುಗದಿದ್ದರೆ ಚಕ್ರವನ್ನು ಮತ್ತೆ ತಟ್ಟಿ ನೋಡಿ, ಫ್ಲಾಂಜ್‌ಗಳ ನಡುವೆ ಕಸ ಸಿಕ್ಕಿದೆಯೇ ಎಂದು ನೋಡಿ. ಬಳಿಕ ಫ್ಲಾಂಜನ್ನು ಇದ್ದಲ್ಲೇ ಬಿಟ್ಟು ಚಕ್ರವನ್ನು ಮಾತ್ರ ಕಾಲು ಸುತ್ತು ತಿರುಗಿಸಿ ಕೂರಿಸಿ. ಇಷ್ಟರಲ್ಲಿ ಬಹುಪಾಲು ಕಡಿಮೆಯಾಗುತ್ತದೆ. ಉಳಿದದ್ದನ್ನು ಡ್ರೆಸ್ಸರ್ (ಚಕ್ರದ ಮುಖವನ್ನು ಕೆರೆಯುವ ಸಾಧನ) ಹಿಡಿದು ಅಂಚನ್ನು ಸಮ ಮಾಡಿ ಸರಿಪಡಿಸಬಹುದು. ಚಕ್ರ ತಿನ್ನದೆ ಬರೀ ಬಿಸಿ ಮಾಡುತ್ತಿದ್ದರೂ ಡ್ರೆಸ್ಸರೇ ಮದ್ದು. ಹಲವರು ಆಗ ಇನ್ನಷ್ಟು ಒತ್ತುತ್ತಾರೆ. ಉಳಿಯ ತುದಿ ನೀಲಿ ತಿರುಗಿ ಹದ ಹೋಗುತ್ತದೆ, ಚಕ್ರವೂ ಕಾಯುತ್ತದೆ. ಚಕ್ರದ ಚಪ್ಪಟೆ ಮಗ್ಗುಲಿಗೆ ಒತ್ತಿ ಉಜ್ಜುವ ಅಭ್ಯಾಸವಿದ್ದರೆ ಇವತ್ತೇ ಬಿಡಿ, ಆ ದಿಕ್ಕಿನ ಒತ್ತಡಕ್ಕೆ ಇಂಥ ಚಕ್ರ ತಯಾರಾಗಿಲ್ಲ.

ಅಲ್ಯೂಮಿನಿಯಮ್ಮನ್ನು ಈ ಬೂದು ಕಲ್ಲಿಗೆ ಹಿಡಿಯಲೇಬೇಡಿ. ಮೆತ್ತನೆಯ ಲೋಹ ಹರಳುಗಳ ನಡುವಿನ ಸಂದಿಗಳಲ್ಲಿ ತುಂಬಿಕೊಂಡು, ಕಾದು, ಹಿಗ್ಗಿ, ಕಲ್ಲನ್ನು ಒಳಗಿನಿಂದ ಸೀಳುತ್ತದೆ. ಅದಕ್ಕಿಂತ ಹೆಚ್ಚಾಗಿ, ನುಣುಪಾದ ಅಲ್ಯೂಮಿನಿಯಂ ಪುಡಿ ಮತ್ತು ತುಕ್ಕಿನ ಪುಡಿ ಒಂದೇ ಕಡೆ ಸೇರಿ ಕಿಡಿ ತಾಗಿದರೆ ಹೊತ್ತುವ ಬೆಂಕಿಯನ್ನು ನೀರು ಆರಿಸುವುದಿಲ್ಲ, ಇನ್ನೂ ಅಪಾಯ ತರುತ್ತದೆ. ಅಲ್ಯೂಮಿನಿಯಮ್ಮಿಗೆ ಅರ ಇದೆ, ಗರಗಸ ಇದೆ, ಅದಕ್ಕೆಂದೇ ಮಾಡಿದ ಸ್ಯಾಂಡಿಂಗ್ ಬೆಲ್ಟ್ ಇದೆ.

ಕೈ ಗ್ರೈಂಡರಿನ (ಆಂಗಲ್ ಗ್ರೈಂಡರ್) ಬಗ್ಗೆ ಒಂದೇ ಮಾತು ಸೇರಿಸುತ್ತೇನೆ. ನಿಮಿಷಕ್ಕೆ 11,000 ಸುತ್ತು ತಿರುಗುವ 100 ಮಿಲಿಮೀಟರ್ ಯಂತ್ರದ ಗಾರ್ಡ್ ಕಿತ್ತು 180 ಮಿಲಿಮೀಟರ್ ಡಿಸ್ಕ್ ಹಾಕುವವರನ್ನು ನೋಡಿದಾಗಲೆಲ್ಲ ಎದೆ ಝಲ್ಲೆನ್ನುತ್ತದೆ. 180ರ ಡಿಸ್ಕಿನ ಮಿತಿ ಸಾಮಾನ್ಯವಾಗಿ 8,500 ಸುತ್ತು. 11,000ದಲ್ಲಿ ಅದರ ಮೇಲಿನ ಎಳೆತ ಮಿತಿಯ ಒಂದೂವರೆ ಪಟ್ಟನ್ನೂ ಮೀರುತ್ತದೆ. ರಾಳದಿಂದ ಮಾಡಿದ ಇಂಥ ಡಿಸ್ಕ್‌ಗಳು ತೇವ ಹೀರಿ ದುರ್ಬಲವಾಗುವುದರಿಂದ ಅವಧಿ ಮುಗಿಯುವ ತಿಂಗಳು ಮತ್ತು ವರ್ಷವನ್ನು ನಡುವಿನ ಲೋಹದ ಬಳೆಯ ಮೇಲೆ ಒತ್ತಿರುವುದುಂಟು. ಕೊಳ್ಳುವ ಮೊದಲು ಅದನ್ನು ಓದಿ.

ಆ ಮಾರಾಟಗಾರರ ಬಳಿ ಮತ್ತೆ ಮಾತನಾಡಿದಾಗ, ಆ ಚಕ್ರ ಬೇರೆ ಯಾವುದೋ ಯಂತ್ರದಿಂದ ಬಂದದ್ದು, ಯಾರೋ ಕಸಕ್ಕೆ ಹಾಕಿದ್ದನ್ನು ಚೆನ್ನಾಗಿದೆಯಲ್ಲ ಎಂದು ಎತ್ತಿಟ್ಟುಕೊಂಡಿದ್ದೆ ಎಂದು ಹೇಳಿದರು. ಅದನ್ನು ಮೊದಲು ಎಸೆದವರಿಗೆ ಅದರ ದೋಷ ಗೊತ್ತಿತ್ತೋ ಏನೋ, ಎಸೆದದ್ದು ಮಾತ್ರ ಇಡಿಯಾಗಿ. ಆದ್ದರಿಂದ ನಿಮ್ಮ ಕೈಯಲ್ಲಿ ಸತ್ತ ಸದ್ದು ಕೊಟ್ಟ ಚಕ್ರವನ್ನು ಹಾಗೆಯೇ ಕಸಕ್ಕೆ ಹಾಕಬೇಡಿ. ಕಣ್ಣಿನ ರಕ್ಷಣೆಯ ಕನ್ನಡಕ ಧರಿಸಿ, ಚಕ್ರವನ್ನು ಗೋಣಿಚೀಲದಲ್ಲಿ ಸುತ್ತಿ, ಸುತ್ತಿಗೆಯಿಂದ ನಾಲ್ಕಾರು ತುಂಡು ಮಾಡಿ, ಆಮೇಲೆ ಹಾಕಿ.