ಬೆಂಗಳೂರು–ಮೈಸೂರು: ಹೊಸ ಹೆದ್ದಾರಿಯೋ, ಹಳೆ ರಸ್ತೆಯೋ, ಕನಕಪುರದ ದಾರಿಯೋ?

ಬೆಂಗಳೂರಿನಿಂದ ಮೈಸೂರಿಗೆ ಕಾರಲ್ಲಿ ಹೋಗುವವರ ಮುಂದೆ ಈಗ ಮೂರು ದಾರಿ ಇವೆ. ಒಂದು ಆರು ಪಥದ ಹೊಸ ಹೆದ್ದಾರಿ. ಇನ್ನೊಂದು, ಅದರ ಪಕ್ಕದ ಸರ್ವೀಸ್ ರಸ್ತೆ ಹಿಡಿದು ಊರೊಳಗಿಂದ ಹಾಯುವ ಹಳೆ ರಸ್ತೆ. ಮೂರನೆಯದು ಕನಕಪುರ, ಮಳವಳ್ಳಿ, ಬನ್ನೂರಿನ ಮೇಲೆ. ಮೂರರಲ್ಲೂ ಓಡಾಡಿದ್ದೇನೆ. ಬರೀ ಸಮಯ ನೋಡಿದರೆ ಹೊಸ ಹೆದ್ದಾರಿಯೇ ಗೆಲ್ಲುತ್ತದೆ, ಅದರಲ್ಲಿ ಅನುಮಾನ ಇಲ್ಲ. ಆದರೆ ನೀವು ಇಳಿಯಬೇಕಾದ ಊರು ಯಾವುದು ಅನ್ನುವುದರ ಮೇಲೆ ಲೆಕ್ಕ ಬೇರೆಯೇ ಆಗುತ್ತದೆ.

ಹೊಸ ರಸ್ತೆಯನ್ನು ನಾವೆಲ್ಲ ಎಕ್ಸ್‌ಪ್ರೆಸ್ ವೇ ಎನ್ನುತ್ತೇವೆ. ಕಾಗದದ ಮೇಲೆ ಅದು ರಾಷ್ಟ್ರೀಯ ಹೆದ್ದಾರಿ 275, ಮೈಸೂರು ದಾಟಿ ಮಡಿಕೇರಿ ಮೇಲೆ ಬಂಟ್ವಾಳದವರೆಗೂ ಹೋಗುತ್ತದೆ. ಬೆಂಗಳೂರು–ಮೈಸೂರು ನಡುವಿನ ಸುಮಾರು 118 ಕಿ.ಮೀ. ಭಾಗ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಬಿಡದಿ, ರಾಮನಗರ–ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲಕ್ಕೂ ಬೈಪಾಸ್. ರಾಮನಗರ–ಚನ್ನಪಟ್ಟಣದ್ದೇ ಸುಮಾರು 22 ಕಿ.ಮೀ. ಕೆಂಗೇರಿ ದಾಟಿದ ಮೇಲೆ ಒಂದೂವರೆ ಗಂಟೆ ಒಳಗೆ ಮೈಸೂರಿನ ಅಂಚು ಮುಟ್ಟಬಹುದು. ಮೊದಲು ಇದಕ್ಕೇ ಮೂರು ಗಂಟೆ ಹಿಡಿಯುತ್ತಿತ್ತು. ವಯಸ್ಸಾದವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ವೇಗದ ಮಿತಿ ಗಂಟೆಗೆ 100 ಕಿ.ಮೀ. ಶುರುವಿನ ತಿಂಗಳುಗಳಲ್ಲಿ ಇಲ್ಲಿ ಎಷ್ಟು ಜೀವ ಹೋದವು ಅನ್ನುವುದು ಯಾರೂ ಮರೆಯುವಂಥದ್ದಲ್ಲ. ಆಮೇಲೆ ಕ್ಯಾಮೆರಾ ಬಂದವು, ದಂಡ ಬಂತು, ಸಾವು ಇಳಿಯಿತು. ಈಗ ಓಡಿಸುವಾಗ ಆ ಬದಲಾವಣೆ ಕಣ್ಣಿಗೆ ಕಾಣುತ್ತದೆ. ಬಲಗಡೆ ಪಥದಲ್ಲಿ ಹಿಂದಿನಿಂದ ಲೈಟ್ ಹೊಡೆದು ದಾರಿ ಬಿಡಿಸಿಕೊಳ್ಳುವವರು ಕಡಿಮೆ. ಹಾಗಂತ ರಾತ್ರಿ ಹೊತ್ತು ನಿಶ್ಚಿಂತೆಯಿಂದ ಇರಬೇಡಿ. ಅಂಚಲ್ಲಿ ಲೈಟ್ ಆರಿಸಿ ನಿಂತ ಲಾರಿಗಳು ಹತ್ತಿರ ಹೋಗುವವರೆಗೂ ಕಾಣುವುದಿಲ್ಲ.

ಬಿಡದಿ ಕಡೆ ಒಂದು, ಶ್ರೀರಂಗಪಟ್ಟಣದ ಹತ್ತಿರ ಗಣಂಗೂರಲ್ಲಿ ಒಂದು ಟೋಲ್. 24 ಗಂಟೆಯೊಳಗೆ ವಾಪಸ್ ಬರುವುದಾದರೆ ಹೋಗಿ ಬರುವುದಕ್ಕೆ ಸೇರಿ ಒಂದೂವರೆ ಪಟ್ಟು ಮಾತ್ರ. ಪದೇ ಪದೇ ಹೋಗುವವರು ಸ್ವಂತ ಕಾರಿಗೆ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಮಾಡಿಸಿ. 2025ರ ಆಗಸ್ಟ್ 15ರಂದು ಶುರುವಾದಾಗ 3,000 ರೂಪಾಯಿಗೆ 200 ಟ್ರಿಪ್ ಇತ್ತು. ಇಲ್ಲಿ ಒಂದು ಟೋಲ್ ದಾಟಿದರೆ ಒಂದು ಟ್ರಿಪ್ ಅನ್ನುವುದು ನೆನಪಿರಲಿ. ಮೈಸೂರಿಗೆ ಹೋಗಿ ಬಂದರೆ ನಾಲ್ಕು ಖರ್ಚು.

ಹಳೆ ರಸ್ತೆಗೆ ಟೋಲ್ ಇಲ್ಲ, ಸಮಯ ಮಾತ್ರ ಹೆಚ್ಚುಕಡಿಮೆ ಎರಡು ಪಟ್ಟು. ಸರ್ವೀಸ್ ರಸ್ತೆ ಒಂದೇ ಸಮನೆ ಸಾಗುವುದಿಲ್ಲ. ಕೆಲವು ಕಡೆ ಸೇತುವೆ ಬಂತೆಂದರೆ ಕಿರಿದಾಗುತ್ತದೆ, ಇಲ್ಲವೇ ಸುತ್ತಿಸುತ್ತದೆ. 2023ರ ಆಗಸ್ಟ್ 1ರಿಂದ ಬೈಕ್, ಆಟೋ, ಟ್ರ್ಯಾಕ್ಟರ್‌ಗೆ ಮುಖ್ಯ ರಸ್ತೆ ಬಂದ್ ಆಗಿರುವುದರಿಂದ ಅವರೆಲ್ಲರಿಗೂ ಇದೇ ಗತಿ. ವೇಗದ ರಸ್ತೆಯಲ್ಲಿ ಬೈಕ್ ಬೇಡ ಅನ್ನುವುದನ್ನು ಒಪ್ಪುತ್ತೇನೆ. ಆದರೆ ಅವರಿಗೆ ಅಂತ ಬಿಟ್ಟ ರಸ್ತೆಯಾದರೂ ತುಂಡಾಗದೆ ಇರಬೇಕಲ್ವಾ? ಕಬ್ಬು ತುಂಬಿದ ಟ್ರ್ಯಾಕ್ಟರ್, ಸ್ಕೂಲ್ ಮಕ್ಕಳ ಆಟೋ, ಊರ ಬಸ್ಸು ಎಲ್ಲಾ ಅಲ್ಲೇ ಒತ್ತಿಕೊಂಡು ಹೋಗುತ್ತವೆ.

ಇಷ್ಟಿದ್ದರೂ ಈ ದಾರಿಯಲ್ಲಿ ಹೋದಾಗ ಮಾತ್ರ ನಡುವಿನ ಊರುಗಳು ಸಿಗುತ್ತವೆ. ಚನ್ನಪಟ್ಟಣದಲ್ಲಿ ಒಂದು ಬೊಂಬೆ ಅಂಗಡಿಗೆ ಹೋಗಿದ್ದೆ. ಅಂಗಡಿಯವರು ಆಲೆ ಮರದ ಬುಗುರಿಯೊಂದನ್ನು ಗಾಜಿನ ಮೇಲೆ ಬಿಟ್ಟರು. ಅರಗಿನ ಕೆಂಪು, ಹಳದಿ ಬಳೆಗಳು ಬೆರೆತು ಒಂದೇ ಬಣ್ಣವಾಗಿ ತಿರುಗಿತು. ವ್ಯಾಪಾರ ಹೇಗಿದೆ ಅಂದೆ. "ಮೊದ್ಲು ಕಾರ್‌ಗಳು ಸಾಲಾಗಿ ನಿಲ್ತಿದ್ವು ಸಾ. ಈಗ ಎಲ್ಲಾ ಬೈಪಾಸಲ್ಲೇ ಓಯ್ತವೆ" ಅಂದರು. ಅಂಗಡಿಯಲ್ಲಿ ನಾನೊಬ್ಬನೇ ಗಿರಾಕಿ.

ಕನಕಪುರದ ದಾರಿ ಸುತ್ತು. ಸಾತನೂರು, ಹಲಗೂರು ಕಡೆ ತಿರುವು ಜಾಸ್ತಿ, ನೆರಳೂ ಜಾಸ್ತಿ. ಮುತ್ತತ್ತಿಗೋ ಶಿವನಸಮುದ್ರಕ್ಕೋ ಹೋಗುವುದಿದ್ದರೆ ಸರಿ. ಸುಮ್ನೆ ಮೈಸೂರು ಸೇರಲು ಇದನ್ನು ಹಿಡಿಯಬೇಡಿ. ಬೆಂಗಳೂರಿನ ದಕ್ಷಿಣದ ಬಡಾವಣೆಗಳಲ್ಲಿ ಮನೆ ಇದ್ದು, ಹಬ್ಬದ ಹಿಂದಿನ ಸಂಜೆ ಕೆಂಗೇರಿ ಕಡೆ ಗಾಡಿಗಳು ಕಟ್ಟಿಕೊಂಡಿದ್ದರೆ ಮಾತ್ರ ಇದು ಲಾಭ.

ನನ್ನ ಆಯ್ಕೆ ಹೀಗೆ: ಸೀದಾ ಮೈಸೂರು, ಕೊಡಗು ಅಂದರೆ ಹೊಸ ಹೆದ್ದಾರಿ. ರಾಮನಗರ, ಚನ್ನಪಟ್ಟಣ, ಮದ್ದೂರಲ್ಲಿ ಕೆಲಸ ಇದ್ದರೆ ಬಿಡದಿಯಿಂದಲೇ ಹಳೆ ರಸ್ತೆ. ಹೊಸ ಹೆದ್ದಾರಿಯಲ್ಲಿ ಹೋಗಿ ಇಳಿಯುವ ಜಾಗ ತಪ್ಪಿದರೆ ಉಳಿಸಿದ ಸಮಯವೆಲ್ಲ ವಾಪಸ್ ಬರುವುದರಲ್ಲೇ ಹೋಗುತ್ತದೆ.

ಈ ಹೋಲಿಕೆ ಮೈಸೂರಿಗಷ್ಟೇ ಸೀಮಿತ ಅಲ್ಲ. ಹೊಸಕೋಟೆಯಿಂದ ಶ್ರೀಪೆರಂಬದೂರಿಗೆ ಹೋಗುವ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್ ವೇಯ ನಮ್ಮ ರಾಜ್ಯದ ಭಾಗದಲ್ಲಿ 2024ರ ಡಿಸೆಂಬರ್‌ನಿಂದಲೇ ಗಾಡಿಗಳು ಓಡುತ್ತಿವೆ. ಅಲ್ಲಿ ಹಳೆ ರಸ್ತೆಯನ್ನು ಅಗಲ ಮಾಡಿದ್ದಲ್ಲ, ಹೊಲದ ನಡುವೆ ಹೊಸದಾಗಿಯೇ ಹಾಕಿದ್ದು. ಮಾಲೂರು, ಬಂಗಾರಪೇಟೆ ಕಡೆಯವರಿಗೆ ಹತ್ತುವ, ಇಳಿಯುವ ಜಾಗ ಎಷ್ಟು ಹತ್ತಿರ ಸಿಗುತ್ತದೋ ಅಷ್ಟು ಮಾತ್ರ ಆ ರಸ್ತೆ ಅವರದ್ದು. ಜಮೀನು ಕೊಟ್ಟವರು ಅವರೇ.