ಪದ ಬಿಡಿಸುವ ಕಾರ್ಡುಗಳು: ತಗೊಳ್ಳಿ, ಆದರೆ ಒಂದು ಕಾರ್ಡ್ ತಿದ್ದಿಕೊಳ್ಳಿ

ನಾನು ಜೀವಶಾಸ್ತ್ರ ಪಾಠ ಮಾಡುವವಳು. ವಿಜ್ಞಾನದ ಅಪರೂಪದ ಪದಗಳನ್ನು ಬಿಡಿಸಿ ತೋರಿಸುವ ಈ ಕಾರ್ಡುಗಳನ್ನು ತರಿಸಿದ್ದು ಮಕ್ಕಳಿಗೋಸ್ಕರ. ಈಗ ಜಾಸ್ತಿ ನೋಡುವುದು ನಾನೇ.

ಪ್ರತಿ ಕಾರ್ಡಿನಲ್ಲೂ ಎರಡು ಸಾಲು. ಮೇಲಿನದು ಬಾಯಿಗೆ, ಕೆಳಗಿನದು ಅರ್ಥಕ್ಕೆ. ಹೀಗೆ ಬೇರೆ ಬೇರೆ ಇಟ್ಟಿದ್ದೇ ನನಗೆ ತುಂಬಾ ಹಿಡಿಸಿತು. ಹೆಲಿಕಾಪ್ಟರ್ ನೋಡಿ. ಹೇಳುವಾಗ ಹೆ-ಲಿ-ಕಾಪ್-ಟರ್. ಮೂಲಕ್ಕೆ ಹೋದರೆ ಒಡೆಯುವ ಜಾಗವೇ ಬೇರೆ: ಹೆಲಿಕೋ ಅಂದರೆ ಸುರುಳಿ, ಪ್ಟೆರಾನ್ ಅಂದರೆ ರೆಕ್ಕೆ. ಎರಡೂ ಗ್ರೀಕ್. ಆ ಪ್ಟೆರಾನ್ ಒಂದು ಕೈಗೆ ಸಿಕ್ಕರೆ ಕೀಟಗಳ ಪಾಠವೇ ಹಗುರ. ಚಿಟ್ಟೆ, ಪತಂಗಗಳ ಗುಂಪಾದ ಲೆಪಿಡಾಪ್ಟೆರಾ ಹುರುಪೆಯ ರೆಕ್ಕೆಯದ್ದು. ನೊಣ, ಸೊಳ್ಳೆಗಳ ಡಿಪ್ಟೆರಾಕ್ಕೆ ಎರಡೇ ರೆಕ್ಕೆ. ಜೀರುಂಡೆಗಳು ಕೋಲಿಯಾಪ್ಟೆರಾ; ಅಲ್ಲಿ ಕೋಲಿಯೋಸ್ ಅಂದರೆ ಒರೆ. ಜೀರುಂಡೆಯ ಗಟ್ಟಿ ಮುಂರೆಕ್ಕೆ ಒಳಗಿನ ತೆಳು ರೆಕ್ಕೆಯನ್ನು ಮುಚ್ಚಿಕೊಂಡಿರುವುದನ್ನು ನೋಡಿದವರಿಗೆ ಆ ಹೆಸರು ಮತ್ತೆ ಮರೆಯುವುದಿಲ್ಲ. ಉರು ಹೊಡೆಯುವ ಕೆಲಸವೇ ಬೇಡ.

ಇಂಗ್ಲಿಷಿನಲ್ಲಿ ಶ್ವಾಸಕೋಶದ ಕಾಯಿಲೆಯೊಂದಕ್ಕೆ ಇರುವ 45 ಅಕ್ಷರದ ಹೆಸರಿಗೂ (pneumonoultramicroscopicsilicovolcanoconiosis) ಒಂದು ದೊಡ್ಡ ಕಾರ್ಡ್ ಇದೆ. ಮಕ್ಕಳು ಮೊದಲು ಎತ್ತಿಕೊಳ್ಳುವುದು ಅದನ್ನೇ. ಆದರೆ ಅದು 1935ರ ಹೊತ್ತಿಗೆ, ಉದ್ದ ಇರಲಿ ಅಂತಲೇ ಕಟ್ಟಿದ ಪದ. ವೈದ್ಯರು ಬಳಸುವ ನ್ಯೂಮೊಕೋನಿಯೋಸಿಸ್ ಇದಕ್ಕಿಂತ ಎಷ್ಟೋ ಚೆನ್ನಾಗಿ ಕಲಿಸುತ್ತದೆ: ನ್ಯೂಮೊ ಶ್ವಾಸಕೋಶ, ಕೋನಿಸ್ ದೂಳು, ಓಸಿಸ್ ಕಾಯಿಲೆ. ಅದಕ್ಕೆ ಕಾರ್ಡೇ ಇಲ್ಲ!

ಇನ್ನು ತಪ್ಪು. ಆರ್ಥೋಪೆಡಿಕ್ಸ್ (ಮೂಳೆ, ಕೀಲುಗಳ ಚಿಕಿತ್ಸೆ) ಕಾರ್ಡಿನಲ್ಲಿ 'ಪೆಡ್' ಅಂದರೆ ಪಾದ ಅಂತ ಅಚ್ಚಾಗಿದೆ. ಅಲ್ಲ, ಅದು ಮಗು. ಫ್ರಾನ್ಸಿನ ವೈದ್ಯ ನಿಕೋಲಾ ಆಂಡ್ರಿ 1741ರಲ್ಲಿ ಮಕ್ಕಳ ಮೈಯ ಡೊಂಕು ಸರಿಪಡಿಸುವ ಬಗ್ಗೆ ಬರೆದ ಪುಸ್ತಕಕ್ಕೆ ಈ ಪದ ಕಟ್ಟಿದ. ಗ್ರೀಕಿನ ಆರ್ಥೋಸ್ ಅಂದರೆ ನೆಟ್ಟಗಿರುವುದು, ಪೈಡಿಯಾನ್ ಅಂದರೆ ಮಗು. ಮಕ್ಕಳ ಚಿಕಿತ್ಸೆ ಅನ್ನುವ ಪೀಡಿಯಾಟ್ರಿಕ್ಸ್‌ನಲ್ಲಿ ಇರುವುದೂ ಇದೇ ಮಗು. ಪಾದದ ಪೆಡ್ ಲ್ಯಾಟಿನ್‌ನದು, ಸೆಂಟಿಪೀಡ್‌ನಲ್ಲಿ (ಶತಪದಿ) ಇದೆಯಲ್ವಾ, ಅದು. ಒಂದೇ ಥರ ಕಾಣುತ್ತವೆ, ನಿಜ. ಆದರೆ ಮೂಲ ಹೇಳಿಕೊಡಲೆಂದೇ ಮಾಡಿದ ಕಾರ್ಡಿನಲ್ಲಿ ಇಂಥದ್ದು ಇರಬಾರದು. ನಾನು ಪೆನ್ನಿನಲ್ಲಿ ತಿದ್ದಿ, ತಯಾರಕರಿಗೂ ಬರೆದಿದ್ದೇನೆ.

ಮುಂದಿನ ಮುದ್ರಣದಲ್ಲಿ ಗ್ರೀಕ್ ಮೂಲಕ್ಕೆ ಒಂದು ಬಣ್ಣ, ಲ್ಯಾಟಿನ್‌ಗೆ ಇನ್ನೊಂದು ಬಣ್ಣ ಕೊಟ್ಟರೆ ಐದಕ್ಕೆ ಐದು ಕೊಡುತ್ತೇನೆ. ಸದ್ಯಕ್ಕೆ ನಾಲ್ಕು.