ಹವಾಯಿಯ ಬಿಗ್ ಐಲ್ಯಾಂಡ್‌ನಲ್ಲಿ ಮನೆ ಎಲ್ಲಿ ತಗೋಬೇಕು? ಪುನಾ, ಕೋನಾ, ಹಮಾಕುವಾ

ಮೊದಲೇ ಹೇಳಿಬಿಡುತ್ತೇನೆ, ನಾವು ಮನೆ ತಗೊಂಡಿದ್ದು ದ್ವೀಪದ ಈಶಾನ್ಯಕ್ಕಿರುವ ಹಮಾಕುವಾ ಕರಾವಳಿಯ ಹೊನೊಕಾ ಊರಿನ ಹತ್ತಿರ. ತಗೊಂಡದ್ದಕ್ಕೆ ತುಂಬಾ ಖುಷಿಯಿದೆ, ಹಾಗಾಗಿ ನನ್ನ ಒಲವು ಯಾವ ಕಡೆ ಅಂತ ಬಚ್ಚಿಡೋದಿಲ್ಲ. ಆದರೆ ಅದಕ್ಕೂ ಮುಂಚೆ ಆಗ್ನೇಯ ಮೂಲೆಯ ಪುನಾದಲ್ಲೂ ಪಶ್ಚಿಮ ತೀರದ ಕೋನಾದಲ್ಲೂ ಬಾಡಿಗೆಗಿದ್ದು ನೋಡಿದ್ದೇವೆ. ಹವಾಯಿಯ ಈ ದ್ವೀಪ ಅಲ್ಲಿನ ಉಳಿದೆಲ್ಲ ದ್ವೀಪಗಳನ್ನು ಸೇರಿಸಿದರೂ ಅದಕ್ಕಿಂತ ದೊಡ್ಡದು. ಪೂರ್ವ ತೀರದ ಹಿಲೋ ಪಟ್ಟಣದ ಕಡೆ ವರ್ಷಕ್ಕೆ 120 ಇಂಚಿಗೂ ಜಾಸ್ತಿ ಮಳೆ ಸುರಿಯುತ್ತದೆ. ಕೋನಾ ತೀರದಲ್ಲಿ ಬರೀ ಬಿಸಿಲು, ಕಪ್ಪು ಕಲ್ಲು. ಯಾವ ಮಗ್ಗುಲಲ್ಲಿ ಮನೆ ಅನ್ನೋದರ ಮೇಲೆ ಇಡೀ ಜೀವನವೇ ಬದಲಾಗುತ್ತದೆ.

ಬರೀ ದುಡ್ಡು ನೋಡಿದರೆ ಪುನಾ ಗೆಲ್ಲುತ್ತದೆ. ಸೈಟು ಅಗ್ಗ, ಮನೆ ಅಗ್ಗ, ಸುತ್ತ ಹಸಿರು. ಅಗ್ಗಕ್ಕೆ ಕಾರಣವೂ ಇದೆ. 1950–60ರ ದಶಕಗಳಲ್ಲಿ ಹಳೇ ಲಾವಾ ನೆಲದ ಮೇಲೆ ಗೆರೆ ಎಳೆದು ಸಾವಿರಾರು ಸೈಟು ಮಾಡಿ ಮಾರಿಬಿಟ್ಟರು. ಕೌಂಟಿಯ (ಅಲ್ಲಿನ ಸ್ಥಳೀಯ ಆಡಳಿತದ) ನೀರಿಲ್ಲ, ಒಳಚರಂಡಿ ಇಲ್ಲ, ಟಾರು ರಸ್ತೆ ಇಲ್ಲ. ಬಹಳಷ್ಟು ಕಡೆ ಇವತ್ತಿಗೂ ಪರಿಸ್ಥಿತಿ ಅದೇ.

ನಮ್ಮನ್ನು ಅಲ್ಲಿಂದ ಎಬ್ಬಿಸಿದ್ದು ನೀರು. ಅಲ್ಲಿನ ಬಹುಪಾಲು ಮನೆಗಳಲ್ಲಿ ನಲ್ಲಿಗೆ ಬರೋದು ಸೂರಿನ ಮೇಲೆ ಬಿದ್ದ ಮಳೆನೀರು. ತಗಡಿನ ಮಾಡಿನಿಂದ ದಂಬೆಗೆ, ದಂಬೆಯಿಂದ ಹಿತ್ತಲಿನ ದೊಡ್ಡ ದುಂಡು ಟ್ಯಾಂಕಿಗೆ. ಟ್ಯಾಂಕಿಗೆ ಒಳಗೆ ಪ್ಲಾಸ್ಟಿಕ್ ಹಾಸು, ಮೇಲೆ ಬಲೆಯಂಥ ಬಟ್ಟೆಯ ಮುಚ್ಚಿಗೆ. ಅಲ್ಲಿಂದ ಪಂಪು, ಫಿಲ್ಟರ್‌ಗಳು, ರೋಗಾಣು ಕೊಲ್ಲುವ ಒಂದು ಅಲ್ಟ್ರಾವಯಲೆಟ್ ದೀಪ, ಕೊನೆಗೆ ಅಡುಗೆಮನೆ. ಕೇಳೋಕೆ ಎಷ್ಟು ಚೆನ್ನಾಗಿದೆ ಅಲ್ವಾ? ನನಗೂ ಇಷ್ಟವಾಗಿತ್ತು.

ದಿನಾ ಅದರ ಜೊತೆ ಬದುಕೋದು ಬೇರೆ ಮಾತು. ಮುಚ್ಚಿಗೆಯ ಬಟ್ಟೆ ನಡುವೆ ಜೋತುಬಿದ್ದು ಅಲ್ಲಿ ಎಲೆ ಕೊಳೆಯುತ್ತಿತ್ತು. ಒಂದು ಬೆಳಿಗ್ಗೆ ಟ್ಯಾಂಕಿಗೆ ಹೋಗುವ ಪೈಪಿನ ಬಾಯಲ್ಲೇ ಚಿಪ್ಪಿಲ್ಲದ ಬಸವನಹುಳು ಅಂಟಿಕೊಂಡಿತ್ತು, ಬೆರಳುದ್ದ, ಕಂದು ಬಣ್ಣ. ಬೇರೆ ಊರಲ್ಲಾದರೆ ಕಡ್ಡಿಯಲ್ಲಿ ಎತ್ತಿ ಬಿಸಾಕಿ ಸುಮ್ನೆ ಇರಬಹುದು. ಇಲ್ಲಿ ಹಾಗಿಲ್ಲ. ಈ ದ್ವೀಪದ ಬಸವನಹುಳುಗಳಲ್ಲಿ ಇಲಿಗಳಿಂದ ಬರುವ ಒಂದು ಪರೋಪಜೀವಿ ಹುಳ ಇರುತ್ತದೆ. ಅದು ಮನುಷ್ಯರ ಹೊಟ್ಟೆ ಸೇರಿದರೆ ಮಿದುಳಿಗೆ ಹೋಗಿ ಮೆನಿಂಜೈಟಿಸ್ (ಮಿದುಳಿನ ಪೊರೆಯ ಉರಿಯೂತ) ತರಬಹುದು. ಸೊಪ್ಪನ್ನು ಒಂದೊಂದೇ ಎಲೆ ಬಿಡಿಸಿ ತೊಳೆಯಬೇಕು, ಟ್ಯಾಂಕಿನೊಳಗೆ ಹುಳ ಇಳಿಯದ ಹಾಗೆ ಎಲ್ಲ ಸಂದು ಮುಚ್ಚಬೇಕು.

ಇನ್ನೊಂದು ಚಿಂತೆ ಸೀಸ, ಅಂದರೆ ಲೆಡ್. ಕಿಲವೇಯಾ ಜ್ವಾಲಾಮುಖಿಯ ಗಂಧಕದ ಹೊಗೆ ಸೇರಿದ ಮಳೆ ಸ್ವಲ್ಪ ಹುಳಿ. ಹಳೇ ಮನೆಯಾದರೆ ಮಾಡಿನ ಬಣ್ಣ, ಮೊಳೆ, ಬೆಸುಗೆಯಲ್ಲಿರುವ ಸೀಸವನ್ನು ಅದು ಕರಗಿಸಿ ಟ್ಯಾಂಕಿಗೆ ಇಳಿಸುತ್ತದೆ. ಹಾಗಾಗಿ ನೀರಿನ ಪರೀಕ್ಷೆ ತಪ್ಪಿಸೋ ಹಾಗಿಲ್ಲ. ಫಿಲ್ಟರ್ ಆಗಾಗ ಬದಲಿಸಬೇಕು, ದೀಪ ಉರೀತಿದೆಯಾ ಅಂತ ನೋಡ್ತಿರಬೇಕು. ಕರೆಂಟು ಹೋದರೆ ಪಂಪೂ ಇಲ್ಲ, ದೀಪವೂ ಇಲ್ಲ. ಎಷ್ಟೋ ಜನ ಟ್ಯಾಂಕಿನ ನೀರನ್ನು ಸ್ನಾನಕ್ಕೆ ಮಾತ್ರ ಇಟ್ಟುಕೊಂಡು, ಕುಡಿಯೋಕೆ ಕೌಂಟಿಯ ಸಾರ್ವಜನಿಕ ನಲ್ಲಿಯಿಂದ ಕ್ಯಾನು ತುಂಬಿಕೊಂಡು ಬರುತ್ತಾರೆ. ನಾವೂ ಅದನ್ನೇ ಮಾಡಿದೆವು. ನಾನು ದಿನವಿಡೀ ಮನೆಯಲ್ಲೇ ಕೂತು ಕೆಲಸ ಮಾಡೋಳು, ಮೂರು ಹೊತ್ತೂ ಮನೆಯ ಅಡುಗೆ. ನೀರು ಮುಟ್ಟಿದಾಗಲೆಲ್ಲ ಇದು ಯಾವ ಕ್ಯಾನಿನದು ಅಂತ ಯೋಚಿಸೋದು ನನ್ನಿಂದ ಆಗಲಿಲ್ಲ.

ಲಾವಾದ ವಿಷಯ ಎಲ್ಲರಿಗೂ ಗೊತ್ತು. ಗೊತ್ತಿಲ್ಲದೆ ಉಳಿಯೋದು ಅದರ ಕಾಗದಪತ್ರದ ಪರಿಣಾಮ. ಅಮೆರಿಕದ ಭೂವಿಜ್ಞಾನ ಇಲಾಖೆ ಈ ದ್ವೀಪವನ್ನು 9 ಲಾವಾ ಝೋನ್‌ಗಳಾಗಿ ಭಾಗ ಮಾಡಿದೆ. 1 ಅಂದರೆ ಎಲ್ಲಕ್ಕಿಂತ ಅಪಾಯ. 2018ರ ಮೇ ತಿಂಗಳಲ್ಲಿ ಪುನಾದ ಲೈಲಾನಿ ಎಸ್ಟೇಟ್ಸ್ ಬಡಾವಣೆಯ ಬೀದಿಗಳಲ್ಲೇ ನೆಲ ಬಿರಿದು ಲಾವಾ ಬಂತು, ಕೆಳಗೆ ಕಪೋಹೋ ಕೊಲ್ಲಿಯೇ ತುಂಬಿಹೋಯಿತು, 700ಕ್ಕೂ ಹೆಚ್ಚು ಮನೆಗಳು ಹೋದವು. ಅದು ಝೋನ್ 1. ನಾವು ಪುನಾದಲ್ಲಿ ಮೆಚ್ಚಿದ್ದ ಮನೆ ಝೋನ್ 2ರಲ್ಲಿತ್ತು. ಸಾಲಕ್ಕೆ ಹೋದರೆ ಮೊದಲ ಪ್ರಶ್ನೆಯೇ ಝೋನ್ ಎಷ್ಟು ಅಂತ. 1 ಮತ್ತು 2ಕ್ಕೆ ಇನ್ಶೂರೆನ್ಸ್ ಕೊಡೋರು ಕಡಿಮೆ, ಇನ್ಶೂರೆನ್ಸ್ ಇಲ್ಲದೆ ಸಾಲ ಇಲ್ಲ. 1990ರಲ್ಲಿ ಪುನಾದ ಕಲಪಾನಾ ಊರು ಲಾವಾದಡಿ ಮುಚ್ಚಿಹೋದ ಮೇಲೆ, ಬೇರೆಲ್ಲೂ ಇನ್ಶೂರೆನ್ಸ್ ಸಿಗದವರಿಗಾಗಿ 1991ರಲ್ಲಿ ರಾಜ್ಯವೇ ಒಂದು ವ್ಯವಸ್ಥೆ ಮಾಡಿತು. ನಮಗೆ ಸಿಕ್ಕ ಲೆಕ್ಕದ ಪ್ರಕಾರ, ಕಡಿಮೆ ಬೆಲೆಯಲ್ಲಿ ಉಳಿಸಿದ್ದೆಲ್ಲ ವರ್ಷ ವರ್ಷ ಪ್ರೀಮಿಯಮ್ಮಿಗೆ ಹೋಗುತ್ತಿತ್ತು. ಕೈಬಿಟ್ಟೆವು.

ಪುನಾದ ರಾತ್ರಿ ಪೂರ್ತಿ ಕೋಕೀ ಕಪ್ಪೆಗಳದ್ದು. ಪೋರ್ಟೊರಿಕೋದಿಂದ ಬಂದ ಈ ಪುಟ್ಟ ಕಪ್ಪೆಗಳು ಕಿಟಕಿ ಮುಚ್ಚಿದರೂ ಕೇಳಿಸುತ್ತವೆ. ನನ್ನ ಗಂಡನಿಗೆ ಅದರಲ್ಲೇ ಒಳ್ಳೇ ನಿದ್ದೆ ಬರುತ್ತಿತ್ತು.

ಕೋನಾ ಬಗ್ಗೆ ಜಾಸ್ತಿ ಹೇಳೋದಿಲ್ಲ, ಅದು ನಮ್ಮ ಬಜೆಟ್ಟೇ ಅಲ್ಲ. ಸಮುದ್ರ ತಿಳಿ, ಈಜು ಬರುವವರಿಗೆ ಸ್ವರ್ಗ, ಅಂಗಡಿ ಆಸ್ಪತ್ರೆ ಎಲ್ಲ ಹತ್ತಿರ. ಕಡಲ ಪಕ್ಕದ ಕೆಲವು ಅಪಾರ್ಟ್‌ಮೆಂಟುಗಳು ಅಗ್ಗ ಅನಿಸಿದರೆ ಜಾಗ ಸ್ವಂತದ್ದೋ ಗುತ್ತಿಗೆಯದ್ದೋ ಕೇಳಿ. ಗುತ್ತಿಗೆ ಮುಗಿದರೆ ಮನೆಯೂ ನಿಮ್ಮದಲ್ಲ. ಕಿಲವೇಯಾ ಉಕ್ಕುತ್ತಿರುವಾಗ ಗಾಳಿ ಅದರ ಹೊಗೆಯನ್ನು ದ್ವೀಪದ ತೆಂಕಣ ತುದಿ ಬಳಸಿ ತಂದು ಕೋನಾ ಇಳಿಜಾರಿನಲ್ಲಿ ನಿಲ್ಲಿಸುತ್ತದೆ. ಉಬ್ಬಸ ಇರುವವರು ಕೊಳ್ಳುವ ಮುಂಚೆ ಬಾಡಿಗೆಗಿದ್ದು ನೋಡಲೇಬೇಕು.

ಇನ್ನು ಹಮಾಕುವಾ. ಮೌನಾ ಕೇಯಾ ಪರ್ವತದ ಉತ್ತರದ ಇಳಿಜಾರು, ಲಾವಾ ಝೋನ್ 8. ಇನ್ಶೂರೆನ್ಸ್ ಮಾತು ಒಂದೇ ಫೋನಿನಲ್ಲಿ ಮುಗಿಯಿತು. 1994ರವರೆಗೂ ಇದೆಲ್ಲ ಕಬ್ಬಿನ ಗದ್ದೆ. ತೋಟದ ಕಂಪನಿಗಳ ಕಾಲದ ಊರುಗಳಾದ್ದರಿಂದ ಎಷ್ಟೋ ಕಡೆ ಕೌಂಟಿ ನೀರು, ಟಾರು ರಸ್ತೆ ಇದೆ. ಎಲ್ಲ ಕಡೆ ಅಂತ ನಂಬಬೇಡಿ. ಖಾಲಿ ಸೈಟಾದರೆ ನೀರಿನ ಮೀಟರ್ ಇದೆಯಾ ಅಂತ ಕಾಗದದಲ್ಲೇ ನೋಡಿ. ನಮ್ಮ ಮೀಟರ್ ಗೇಟಿನ ಪಕ್ಕ ಹುಲ್ಲಿನಲ್ಲಿ ಮುಚ್ಚಿಹೋಗಿತ್ತು. ಹುಲ್ಲು ಸರಿಸಿ ಮುಚ್ಚಳ ಎತ್ತಿ, ಮುಳ್ಳು ತಿರುಗೋದನ್ನು ಕಣ್ಣಾರೆ ನೋಡಿದ ಮೇಲೇ ಮುಂದಿನ ಮಾತಾಡಿದ್ದು.

ಕೊರತೆಗಳೂ ಇವೆ. ಇಲ್ಲಿ ಈಜುವ ಬೀಚ್ ಇಲ್ಲ, ಸಮುದ್ರದ ಅಂಚು ಕಡಿದಾದ ಬಂಡೆ. ದೊಡ್ಡ ಕೆಲಸಕ್ಕೆಲ್ಲ ಹಿಲೋಗೆ 40 ಮೈಲಿ, ಕಣಿವೆಗಳನ್ನು ದಾಟಿಕೊಂಡು ಹೋಗುವ ರಸ್ತೆ, ಜೋರು ಮಳೆಗೆ ಗುಡ್ಡ ಜರಿಯೋದೂ ಉಂಟು. ಹಳೇ ಮನೆಗಳಿಗೆ ಸೆಪ್ಟಿಕ್ ಟ್ಯಾಂಕ್ ಬದಲು ಬರೀ ಇಂಗುಗುಂಡಿ ಇರುತ್ತದೆ. 2050ರೊಳಗೆ ಅವನ್ನೆಲ್ಲ ಬದಲಿಸಬೇಕು ಅಂತ ರಾಜ್ಯದ ಕಾನೂನಿದೆ. ಆ ಖರ್ಚು ತೋರಿಸಿಯೇ ನಾವು ಬೆಲೆ ಇಳಿಸಿದ್ದು. ತರಕಾರಿ ಬೆಳೆಯುವ ಆಸೆಯಿದ್ದರೆ ಮಣ್ಣಿನ ಪರೀಕ್ಷೆ ಮಾಡಿಸಿ. ಹಳೇ ಕಬ್ಬಿನ ನೆಲದಲ್ಲಿ ಕೆಲವು ಕಡೆ ಆ ಕಾಲದ ಕಳೆನಾಶಕದ ಆರ್ಸೆನಿಕ್ ಇನ್ನೂ ಉಳಿದಿದೆ. ನಮ್ಮ ಹಿತ್ತಲಿನ ಮಣ್ಣು ಪಾಸಾಯಿತು.

ನಾವು ವಾರಕ್ಕೊಮ್ಮೆ ಪೇಟೆಗೆ ಹೋಗುವವರು, ಈಜಿಗಿಂತ ಗಿಡಗಳ ಜೊತೆ ಹೆಚ್ಚು ಹೊತ್ತು ಕಳೆಯುವವರು, ಸಾಲ ಮಾಡಿಯೇ ಕೊಳ್ಳಬೇಕಾದವರು. ನಮಗೆ ಹಮಾಕುವಾನೇ ಸರಿ. ಕೈಯಲ್ಲಿ ಪೂರ್ತಿ ನಗದಿದ್ದು, ಪಂಪು ಪೈಪು ಸ್ವಂತವಾಗಿ ನೋಡಿಕೊಳ್ಳೋಕೆ ಬರುತ್ತೆ ಅನ್ನೋರು ಪುನಾವನ್ನು ಬಿಟ್ಟುಬಿಡಬೇಕಿಲ್ಲ. ಆದರೆ ಹವಾಯಿಯನ್ ಪ್ಯಾರಡೈಸ್ ಪಾರ್ಕ್ ಬಡಾವಣೆ ಥರದ ಝೋನ್ 3ರ ಕಡೆ ನೋಡಿ. ಟ್ಯಾಂಕಿನ ಮುಚ್ಚಿಗೆಯನ್ನು ಖುದ್ದು ಎತ್ತಿ ಒಳಗೆ ಇಣುಕಿ, ಆಮೇಲೆ ಬೆಲೆ ಮಾತಾಡಿ.